ಹಳೆಯ ಇಂಜಿನ್‌ಗೆ ಸಿಂಥೆಟಿಕ್ ಆಯಿಲ್ ಹಾಕಬಹುದಾ? ಫಿಲ್ಟರ್ ಎಷ್ಟು ಮುಖ್ಯ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಈಗ 9 ವರ್ಷ. 80 ಸಾವಿರ ಕಿಲೋಮೀಟರ್ ಓಡಿದೆ. ಟರ್ಬೊ ಇಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ 5ಡಬ್ಲ್ಯೂ-30 ಆಯಿಲ್ ಅಂತ ಇದೆ. ಗ್ಯಾರೇಜಿನಲ್ಲಿ ಹಾಕುತ್ತಾ ಬಂದಿರುವುದು 20ಡಬ್ಲ್ಯೂ-50 ಮಿನರಲ್. ಈ ಸಲ ಸಿಂಥೆಟಿಕ್ ಹಾಕಿಸೋಣ ಅಂದುಕೊಂಡೆ. ಮೆಕ್ಯಾನಿಕ್ ಬೇಡವೇ ಬೇಡ ಅಂದರು. ಹಳೇ ಇಂಜಿನ್‌ಗೆ ಹಾಕಿದರೆ ಸೀಲ್‌ಗಳೆಲ್ಲ ಸೋರುತ್ತವಂತೆ. ಸಹೋದ್ಯೋಗಿಯೊಬ್ಬರು ಹೇಳುವುದೇ ಬೇರೆ. ಸಿಂಥೆಟಿಕ್ ಹಾಕಿಸಿ, 20 ಸಾವಿರ ಕಿಲೋಮೀಟರ್ ತನಕ ಮುಟ್ಟಲೇಬೇಡಿ ಅನ್ನುತ್ತಾರೆ. ಮೊದಲು ದೂರದ ಓಡಾಟ ಇತ್ತು. ಎರಡು ವರ್ಷದಿಂದ ದಿನಾ ಕೆಲಸಕ್ಕೆ ಹೋಗಿಬರುವ 4-5 ಕಿಲೋಮೀಟರ್ ಅಷ್ಟೇ. 10 ಸಾವಿರಕ್ಕೊಮ್ಮೆ ಆಯಿಲ್ ಬದಲಾಯಿಸುತ್ತೇನೆ. ಅಷ್ಟರಲ್ಲಿ ಸುಮಾರು ಅರ್ಧ ಲೀಟರ್ ಕಡಿಮೆ ಆಗಿರುತ್ತದೆ. ಆಯಿಲ್ ಫಿಲ್ಟರ್ ಒಂದು ಸಲ ಬಿಟ್ಟು ಒಂದು ಸಲ ಹೊಸದು. ಏರ್ ಫಿಲ್ಟರನ್ನು ಮಾತ್ರ ತಪ್ಪದೆ ಪ್ರತಿ ತಿಂಗಳೂ ಕಂಪ್ರೆಸರ್ ಗಾಳಿಯಲ್ಲಿ ಊದಿಸುತ್ತೇನೆ. ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಅದು ನಕಲಿ ಇರಬಹುದಾ? ಉಳಿದ ಆಯಿಲನ್ನು ಬೈಕಿಗೆ ಹಾಕಬಹುದಾ?

ಉತ್ತರ: ನಿಮ್ಮ ಇಂಜಿನ್‌ಗೆ ಸಿಂಥೆಟಿಕ್ ಹಾಕಬಹುದು, ಹಾಕಿದರೆ ಒಳ್ಳೆಯದೇ. ಆದರೆ ಅದನ್ನು 20 ಸಾವಿರ ಓಡಿಸಬೇಡಿ. ನಿಮ್ಮ ಈಗಿನ ಓಡಾಟಕ್ಕೆ 10 ಸಾವಿರವೂ ಜಾಸ್ತಿ. ಆಯಿಲ್ ಫಿಲ್ಟರ್ ಪ್ರತಿ ಸಲ ಬದಲಾಯಿಸಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದಿದ್ದು ನೀವು ಕೇಳಿರುವ ಆಯಿಲ್ ವಿಷಯ ಅಲ್ಲ, ನೀವು ಒಳ್ಳೆಯ ಅಭ್ಯಾಸ ಅಂದುಕೊಂಡಿರುವ ಏರ್ ಫಿಲ್ಟರ್ ಊದಿಸುವ ವಿಷಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿಂಥೆಟಿಕ್ ಅಂದರೆ ಏನು ನೋಡೋಣ. ಯಾವ ಇಂಜಿನ್ ಆಯಿಲ್ ಆದರೂ ಹೆಚ್ಚಿನ ಪಾಲು ಬೇಸ್ ಆಯಿಲ್. ಉಳಿದದ್ದು ರಾಸಾಯನಿಕಗಳು. ಸವೆತ ತಡೆಯುವುದು, ಕೊಳೆ ಬಿಡಿಸುವುದು, ಬಿಡಿಸಿದ ಕೊಳೆಯನ್ನು ಆಯಿಲ್‌ನಲ್ಲೇ ತೇಲಿಸಿಟ್ಟುಕೊಳ್ಳುವುದು, ನೊರೆ ಏಳದಂತೆ ನೋಡುವುದು, ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಬೇಸ್ ಆಯಿಲ್‌ಗಳನ್ನು ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೇ ಗುಂಪು ಮಿನರಲ್. ಮೂರನೆಯದೂ ಕಚ್ಚಾ ತೈಲದಿಂದಲೇ ಬರುತ್ತದೆ. ಆದರೆ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಹೈಡ್ರೋಜನ್ ಸೇರಿಸಿ ಅದರ ಅಣುಗಳನ್ನೇ ಒಡೆದು ಮರುಜೋಡಿಸಿರುತ್ತಾರೆ. ನಾಲ್ಕನೆಯದು ಪಿಎಒ, ಅಂದರೆ ಪಾಲಿ ಆಲ್ಫಾ ಓಲಿಫಿನ್. ಅದನ್ನು ಎಥಿಲೀನ್‌ನಿಂದ ಶುರುಮಾಡಿ ಹಂತಹಂತವಾಗಿ ಕಟ್ಟುತ್ತಾರೆ. ಉಳಿದದ್ದೆಲ್ಲ ಐದನೇ ಗುಂಪು, ಎಸ್ಟರ್‌ಗಳು ಅದರಲ್ಲಿ ಬರುತ್ತವೆ.

ಮೊದಲು ಸಿಂಥೆಟಿಕ್ ಅಂದರೆ ನಾಲ್ಕು ಮತ್ತು ಐದನೇ ಗುಂಪು ಅಂತಲೇ ಅರ್ಥ ಇತ್ತು. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಇದರ ಬಗ್ಗೆ ಜಾಹೀರಾತು ತಕರಾರು ನಡೆಯಿತು. ಮೂರನೇ ಗುಂಪಿನದನ್ನೂ ಸಿಂಥೆಟಿಕ್ ಅಂತ ಕರೆಯಬಹುದು ಅಂತ ಅಲ್ಲಿ ತೀರ್ಮಾನ ಆಯಿತು. ಈಗ ಮಾರಾಟವಾಗುವ ಫುಲ್ ಸಿಂಥೆಟಿಕ್ ಆಯಿಲ್‌ಗಳಲ್ಲಿ ಬಹಳಷ್ಟು ಮೂರನೇ ಗುಂಪಿನವೇ. ಇದರಲ್ಲಿ ಮೋಸ ಏನೂ ಇಲ್ಲ. ಚೆನ್ನಾಗಿ ಮಾಡಿದ ಮೂರನೇ ಗುಂಪಿನ ಆಯಿಲ್ ನಿಜಕ್ಕೂ ಚೆನ್ನಾಗಿರುತ್ತದೆ. ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿರುವ ಆ ಒಂದು ಪದ ನೋಡಿ ಕೊಳ್ಳಬೇಡಿ ಅನ್ನುವುದಕ್ಕೆ ಇಷ್ಟು ಹೇಳಿದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಗ್ರೇಡ್ ಮತ್ತು ಎಪಿಐ ಅಥವಾ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆ ನಿಮ್ಮ ಕಾರಿನ ಪುಸ್ತಕಕ್ಕೆ ಹೊಂದಬೇಕು. ಎಪಿಐನಲ್ಲಿ ಪೆಟ್ರೋಲ್ ಇಂಜಿನ್‌ಗೆ ಎಸ್ಎನ್ ದರ್ಜೆ ಬಂದಿದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಹೊಸ ದರ್ಜೆಯದು ಹಳೆಯದರ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಪುಸ್ತಕದಲ್ಲಿ ಎಸ್ಎನ್ ಇದ್ದರೆ ಎಸ್‌ಪಿ ಧಾರಾಳವಾಗಿ ಹಾಕಬಹುದು.

ಸಿಂಥೆಟಿಕ್‌ನಿಂದ ಲಾಭ ಎಲ್ಲಿ? ಎರಡು ಕಡೆ. ಒಂದು, ಇಂಜಿನ್ ತಣ್ಣಗಿದ್ದಾಗ. ಇನ್ನೊಂದು, ತುಂಬಾ ಬಿಸಿಯಾದಾಗ. ಮಧ್ಯದ ಮಾಮೂಲಿ ಓಡಾಟದಲ್ಲಿ ಒಳ್ಳೆಯ ಮಿನರಲ್‌ಗೂ ಸಿಂಥೆಟಿಕ್‌ಗೂ ನಿಮಗೆ ಗೊತ್ತಾಗುವಂಥ ವ್ಯತ್ಯಾಸ ಇರುವುದಿಲ್ಲ. ಹಾಕಿಸಿದ ಮರುದಿನವೇ ಇಂಜಿನ್ ಹಗುರವಾಯಿತು, ಪಿಕಪ್ ಬಂತು ಅನ್ನುವವರಿಗೆ ಹಾಗೆ ಅನ್ನಿಸಿದ್ದಕ್ಕೆ ಹೆಚ್ಚಿನ ಪಾಲು ಹೊಸ ಆಯಿಲ್, ಸರಿಯಾದ ಗ್ರೇಡ್ ಕಾರಣ.

ತಣ್ಣಗಿನ ಸ್ಟಾರ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಅಂದರೆ ವಿಂಟರ್. ಕೊನೆಯ 30 ಅನ್ನುವುದು ಬಿಸಿಯಾದಾಗ ಎಷ್ಟು ಮಂದ ಅನ್ನುವುದರ ಗುರುತು. 5ಡಬ್ಲ್ಯೂ ಆಯಿಲ್ ಮೈನಸ್ 30 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕು. 20ಡಬ್ಲ್ಯೂ ಆಯಿಲ್‌ಗೆ ಅದೇ ಪರೀಕ್ಷೆ ಮೈನಸ್ 15ರಲ್ಲಿ. "ಅಷ್ಟು ಚಳಿ ನಮಗೆಲ್ಲಿದೆ, 20ಡಬ್ಲ್ಯೂ ಸಾಕಲ್ವಾ" ಅಂತ ಬಹಳ ಜನ ಕೇಳುತ್ತಾರೆ. ಇಂಜಿನ್‌ಗೆ 30 ಡಿಗ್ರಿ ಕೂಡ ತಣ್ಣಗೇ. ಒಂದು ಸಾಧಾರಣ 5ಡಬ್ಲ್ಯೂ-30 ಆಯಿಲ್ 100 ಡಿಗ್ರಿಯಲ್ಲಿ ಎಷ್ಟು ಮಂದ ಇರುತ್ತದೋ, 40 ಡಿಗ್ರಿಯಲ್ಲಿ ಅದರ ಆರು ಪಟ್ಟು ಮಂದ. ಅದೇ 40 ಡಿಗ್ರಿಯಲ್ಲಿ 20ಡಬ್ಲ್ಯೂ-50 ಆಯಿಲ್ ಇದರ ಎರಡೂವರೆ ಪಟ್ಟು ಮಂದ. ರಾತ್ರಿಯಿಡೀ ನಿಂತ ಇಂಜಿನ್‌ನಲ್ಲಿ ಆಯಿಲೆಲ್ಲ ಕೆಳಗಿನ ತಟ್ಟೆಗೆ ಇಳಿದಿರುತ್ತದೆ. ಬೆಳಿಗ್ಗೆ ಅದು ಮೇಲಿನ ಕ್ಯಾಮ್‌ಶಾಫ್ಟ್ ತನಕ ಏರುವವರೆಗೆ ಹಿಂದಿನ ದಿನ ಅಂಟಿಕೊಂಡಿದ್ದ ತೆಳು ಪದರವೇ ಲೋಹವನ್ನು ಕಾಯಬೇಕು. ಮಂದ ಆಯಿಲ್ ನಿಧಾನಕ್ಕೆ ಏರುತ್ತದೆ. ದಿನಕ್ಕೆರಡು ಸಲ ತಣ್ಣಗೆ ಸ್ಟಾರ್ಟ್ ಮಾಡಿ, ಬಿಸಿಯಾಗುವ ಮೊದಲೇ ಆಫ್ ಮಾಡುವ ನಿಮ್ಮಂಥವರಿಗೆ ಇದು ತುಂಬಾ ಮುಖ್ಯ.

ಬಿಸಿಯ ಕಡೆಗೆ ಬಂದರೆ, ನೋಯಕ್ ಅಂತ ಒಂದು ಪರೀಕ್ಷೆ ಇದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಷ್ಟು ಆವಿಯಾಯಿತು ಅಂತ ನೋಡುತ್ತಾರೆ. ಈಗಿನ ಪೆಟ್ರೋಲ್ ಇಂಜಿನ್ ಆಯಿಲ್‌ಗಳಿಗೆ ಶೇಕಡಾ 15 ಮಿತಿ. ಒಳ್ಳೆಯ ಸಿಂಥೆಟಿಕ್ ಅದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಪಿಸ್ಟನ್ ರಿಂಗ್ ಹತ್ತಿರದ ಶಾಖದಲ್ಲಿ ಕಡಿಮೆ ಆವಿಯಾದರೆ ಆಯಿಲ್ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ರಿಂಗಿನ ಸಂದಿಯಲ್ಲಿ ಕಟ್ಟುವ ಗಟ್ಟಿ ಕಪ್ಪೂ ಕಡಿಮೆ. ಟರ್ಬೊ ಇರುವ ಕಾರಿನವರಿಗೆ ಈ ಗುಣ ಇನ್ನೂ ಬೇಕು. ಟರ್ಬೊದ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಇಂಜಿನ್ ಆಫ್ ಆದ ಕೂಡಲೇ ಅಲ್ಲಿ ನಿಂತ ಆಯಿಲ್ ಸುಟ್ಟು ಕರಕಲಾಗಬಹುದು. ಅಂಥ ಕಾರಿಗೆ ನಾನು ಮಿನರಲ್ ಹಾಕಲು ಒಪ್ಪುವುದಿಲ್ಲ.

ಇನ್ನು ಸೀಲ್ ಸೋರುವ ಮಾತು. ನಿಮ್ಮ ಮೆಕ್ಯಾನಿಕ್ ಇದನ್ನು ಸುಮ್ನೆ ಹುಟ್ಟಿಸಿ ಹೇಳಿದ್ದಲ್ಲ. 1970ರ ದಶಕದಲ್ಲಿ ಬಂದ ಮೊದಮೊದಲ ಪಿಎಒ ಆಯಿಲ್‌ಗಳಲ್ಲಿ ಈ ತೊಂದರೆ ಇತ್ತು. ಮಿನರಲ್ ಆಯಿಲ್ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸುತ್ತದೆ. ಪಿಎಒ ಉಬ್ಬಿಸುವುದಿಲ್ಲ, ಸ್ವಲ್ಪ ಕುಗ್ಗಿಸಲೂಬಹುದು. ಆಮೇಲೆ ತಯಾರಕರು ಎಸ್ಟರ್‌ನಂಥ ಪದಾರ್ಥ ಬೆರೆಸಿ ಅದನ್ನು ಸರಿಮಾಡಿದರು. ಈಗಿನ ಎಪಿಐ ಮತ್ತು ಎಸಿಇಎ ದರ್ಜೆ ಪಡೆಯಬೇಕಾದರೆ ಸೀಲ್ ರಬ್ಬರಿನ ಜೊತೆ ಹೊಂದಿಕೊಳ್ಳುತ್ತದೆ ಅನ್ನುವುದನ್ನೂ ಪರೀಕ್ಷೆಯಲ್ಲಿ ತೋರಿಸಬೇಕು. ಹಾಗಾಗಿ ಆ ಭಯದ ಮೂಲ ನಿಜ, ಕಾಲ ಮಾತ್ರ ಮುಗಿದಿದೆ.

ಆದರೂ ಹಳೆಯ ಕಾರು ಸಿಂಥೆಟಿಕ್ ಹಾಕಿದ ಮೇಲೆ ಸೋರಿದ್ದನ್ನು ಗ್ಯಾರೇಜಿನವರು ಕಂಡಿರುತ್ತಾರೆ. ನಾನೂ ಕಂಡಿದ್ದೇನೆ. ಕಾರಣ ಏನೆಂದರೆ ವರ್ಷಗಟ್ಟಲೆ ಶಾಖ ತಿಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಆ ಬಿರುಕನ್ನು ಹಳೆಯ ಆಯಿಲ್‌ನ ಕೆಸರು ಮುಚ್ಚಿಕೊಂಡಿರುತ್ತದೆ. ಹೊಸ ಆಯಿಲ್‌ನಲ್ಲಿರುವ ಡಿಟರ್ಜೆಂಟ್ ಆ ಕೆಸರನ್ನು ಕರಗಿಸುತ್ತದೆ, ಬಿರುಕು ತೆರೆದುಕೊಳ್ಳುತ್ತದೆ. ಸೀಲ್ ಮೊದಲೇ ಕೆಟ್ಟಿತ್ತು, ಈಗ ಕಣ್ಣಿಗೆ ಬಿತ್ತು. 50 ಗ್ರೇಡ್‌ನಿಂದ 30ಕ್ಕೆ ಇಳಿದಾಗ ತೆಳು ಆಯಿಲ್ ಸಣ್ಣ ಸಂದಿಯಿಂದ ಬೇಗ ಜಿನುಗುತ್ತದೆ ಅನ್ನುವುದೂ ನಿಜ. ಅದಕ್ಕೆ ಆಯಿಲ್ ಬದಲಾಯಿಸುವ ಮೊದಲು ಕಾರನ್ನು ಮೇಲೆತ್ತಿ ಕೆಳಗಿನಿಂದ ಟಾರ್ಚ್ ಹಿಡಿದು ನೋಡಿಸಿ. ವಾಲ್ವ್ ಕವರ್ ಅಂಚು, ಕ್ರ್ಯಾಂಕ್ ಪುಲಿಯ ಹಿಂದೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗ, ಈ ಮೂರು ಕಡೆ ಒದ್ದೆ ಇದೆಯೇ ಅಂತ. ಒಣಗಿದ್ದರೆ ನಿಶ್ಚಿಂತೆಯಿಂದ ಬದಲಾಯಿಸಿ. ವಾಲ್ವ್ ಕವರ್ ಒದ್ದೆ ಇದ್ದರೆ ಆ ಗ್ಯಾಸ್ಕೆಟ್ ಮೊದಲು ಹಾಕಿಸಿ, ಅದು ಸಣ್ಣ ಕೆಲಸ. ಗೇರ್‌ಬಾಕ್ಸ್ ಕಡೆಯ ಸೀಲ್ ಸೋರುತ್ತಿದ್ದರೆ ಮಾತ್ರ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಅದನ್ನು ಗೊತ್ತಿದ್ದೇ ನಿರ್ಧಾರ ಮಾಡಿ.

20ಡಬ್ಲ್ಯೂ-50 ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಇಂಜಿನ್‌ಗೆ ಅದು ಸರಿಯಲ್ಲ. ಇಂಜಿನ್ ಸವೆದು ಪ್ರೆಶರ್ ಬಿದ್ದ ಕಾರಿಗೆ ದಪ್ಪ ಆಯಿಲ್ ಹಾಕಿ ಸ್ವಲ್ಪ ದಿನ ತಳ್ಳುವುದು ಹಳೆಯ ಉಪಾಯ. 80 ಸಾವಿರ ಓಡಿದ ಇಂಜಿನ್ ಸಾಮಾನ್ಯವಾಗಿ ಸವೆದ ಇಂಜಿನ್ ಅಲ್ಲ. ಈಗಿನ ಇಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಾಯಿಸುವ ಭಾಗ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್, ಇವೆಲ್ಲ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತವೆ. ಅವುಗಳ ದಾರಿಗಳು ತುಂಬಾ ಸಣ್ಣವು. ಮಂದ ಆಯಿಲ್ ಅಲ್ಲಿ ತಡವಾಗಿ ತಲುಪುತ್ತದೆ. ಪುಸ್ತಕದಲ್ಲಿರುವ 5ಡಬ್ಲ್ಯೂ-30ಕ್ಕೇ ಬನ್ನಿ. ಅದನ್ನು ಹಾಕಿದ ಮೇಲೆ ಆಯಿಲ್ ಕುಡಿಯುವುದು ಹೆಚ್ಚಾದರೆ, ಪುಸ್ತಕ ಒಪ್ಪಿದರೆ, 5ಡಬ್ಲ್ಯೂ-40 ನೋಡಬಹುದು. ತಣ್ಣಗಿನಲ್ಲಿ ತೆಳು, ಬಿಸಿಯಲ್ಲಿ ಒಂದು ಹಂತ ದಪ್ಪ. ಮೈಲೇಜ್ ಕೊಂಚ ತಗ್ಗಬಹುದು, ಅಷ್ಟೇ.

ಸಹೋದ್ಯೋಗಿ ಹೇಳಿದ 20 ಸಾವಿರ ಕಿಲೋಮೀಟರ್ ಎಲ್ಲಿಂದ ಬಂತು? ಕೆಲವು ಕಾರುಗಳಿಗೆ ತಯಾರಕರೇ ಅಷ್ಟು ದೀರ್ಘ ಅಂತರ ಕೊಟ್ಟಿದ್ದಾರೆ. ಆದರೆ ಅದಕ್ಕೆ ಅವರೇ ಹೆಸರಿಸಿದ ವಿಶೇಷ ದರ್ಜೆಯ ಆಯಿಲ್, ದೊಡ್ಡ ಆಯಿಲ್ ತಟ್ಟೆ, ಬಳಕೆ ನೋಡಿ ದಿನ ಲೆಕ್ಕ ಹಾಕುವ ವ್ಯವಸ್ಥೆ ಎಲ್ಲ ಬೇಕು. ಮುಖ್ಯವಾಗಿ ಹೆದ್ದಾರಿಯ ಓಡಾಟ ಬೇಕು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವ ಇಂಜಿನ್‌ಗೆ 20 ಸಾವಿರ ಹೆಚ್ಚಲ್ಲ. ನಿಮ್ಮ 4-5 ಕಿಲೋಮೀಟರ್ ಓಡಾಟ ಅದಕ್ಕಿಂತ ಎಷ್ಟೋ ಕಷ್ಟದ್ದು.

ಯಾಕೆ ಅಂದರೆ, 1 ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ 1 ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತದೆ. ಇಂಜಿನ್ ತಣ್ಣಗಿದ್ದಾಗ ಪೆಟ್ರೋಲೂ ಜಾಸ್ತಿ ಹೋಗುತ್ತದೆ, ಪೂರ್ತಿ ಉರಿಯದ್ದು ಸಿಲಿಂಡರ್ ಗೋಡೆ ತೊಳೆದು ಆಯಿಲ್‌ಗೆ ಸೇರುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾದರೆ ಈ ನೀರು, ಪೆಟ್ರೋಲ್ ಎರಡೂ ಆವಿಯಾಗಿ ಹೋಗುತ್ತವೆ. ಆದರೆ ಕೂಲೆಂಟ್ ಬಿಸಿಯಾದಷ್ಟು ಬೇಗ ಆಯಿಲ್ ಬಿಸಿಯಾಗುವುದಿಲ್ಲ. ಮೀಟರ್ ಮುಳ್ಳು ನಡುವಿಗೆ ಬಂದರೂ ಆಯಿಲ್ ಇನ್ನೂ ಹಿಂದೆಯೇ ಇರುತ್ತದೆ. ನಿಮ್ಮ ಕಾರು ಅಷ್ಟರಲ್ಲಿ ಆಫೀಸ್ ಮುಂದೆ ನಿಂತಿರುತ್ತದೆ. ಹೀಗೆ ದಿನಾ ಸೇರಿದ ನೀರು ಆಮ್ಲ ಮಾಡುತ್ತದೆ, ಪೆಟ್ರೋಲ್ ಆಯಿಲನ್ನು ತೆಳು ಮಾಡುತ್ತದೆ. ಆಮ್ಲವನ್ನು ತಟಸ್ಥ ಮಾಡಲು ಆಯಿಲ್‌ನಲ್ಲಿ ಹಾಕಿರುವ ಪದಾರ್ಥ ಕರಗುತ್ತಾ ಹೋಗುತ್ತದೆ. ಬೇಸ್ ಆಯಿಲ್ ಎಷ್ಟೇ ಒಳ್ಳೆಯದಿರಲಿ, ಹೊರಗಿನಿಂದ ಬಂದು ಸೇರುವ ಪೆಟ್ರೋಲನ್ನು, ನೀರನ್ನು ಅದು ತಡೆಯಲಾರದು.

ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ನೋಡಿ. ಹಾಲುಕೆನೆ ಬಣ್ಣದ ಜಿಡ್ಡು ಅಂಟಿದ್ದರೆ ಅದು ಈ ನೀರಿನದೇ ಗುರುತು. ಮುಚ್ಚಳದಲ್ಲಿ ಮಾತ್ರ ಇದ್ದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಿದ್ದರೆ ಗಾಬರಿ ಬೇಡ. ಡಿಪ್‌ಸ್ಟಿಕ್‌ನಲ್ಲೂ ಹಾಗೇ ಇದ್ದು ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಕಾರು ಓಡಿಸಬೇಡಿ. ನಿಮ್ಮ ಕಾರಿನ ಪುಸ್ತಕದಲ್ಲಿ ಕಠಿಣ ಬಳಕೆಗೆ ಅಂತ ಬೇರೆ ಅಂತರ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಮಾಮೂಲಿಯ ಅರ್ಧ. ಚಿಕ್ಕ ದೂರದ ಓಡಾಟ ಕಠಿಣ ಬಳಕೆಯ ಪಟ್ಟಿಯಲ್ಲೇ ಬರುತ್ತದೆ. ಆ ಅಂತರ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ನಿಮ್ಮ ಲೆಕ್ಕ. ವಾರಕ್ಕೊಂದು ಸಲ ಅರ್ಧ ಗಂಟೆಯಾದರೂ ದೂರ ಓಡಿಸಿ, ಆಯಿಲ್ ಪೂರ್ತಿ ಬಿಸಿಯಾಗಲಿ.

ಕಪ್ಪಾಗುವ ವಿಷಯ ಬೇಗ ಮುಗಿಸುತ್ತೇನೆ. ಬಟ್ಟೆ ಒಗೆದ ಸೋಪಿನ ನೀರು ಕಪ್ಪಾಗುವ ಹಾಗೆ, ಕೊಳೆ ಬಿಡಿಸುವ ಆಯಿಲ್ ಕಪ್ಪಾಗುತ್ತದೆ. ಡೀಸೆಲ್ ಇಂಜಿನ್‌ನಲ್ಲಂತೂ ಒಂದೇ ದಿನಕ್ಕೆ ಕಪ್ಪು. ಬಣ್ಣ ನೋಡಿ ನಕಲಿ ಅಂತಲೂ ಹೇಳಲಾಗದು, ಮುಗಿಯಿತು ಅಂತಲೂ ಹೇಳಲಾಗದು. ನಕಲಿಯ ಭಯ ಇದ್ದರೆ ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ, ಖಾಲಿ ಡಬ್ಬಿಯನ್ನು ತೂತು ಮಾಡಿ ಬಿಸಾಡಿ.

ಈಗ ಫಿಲ್ಟರ್. ಆಯಿಲ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರೂ ಫಿಲ್ಟರ್ ಬಗ್ಗೆ ಯಾವುದೋ ಒಂದು ಹಾಕಿ ಅಂದುಬಿಡುತ್ತಾರೆ. ನನಗೆ ಇದು ಬೇಸರದ ಸಂಗತಿ. ಬೇರಿಂಗ್ ಮತ್ತು ಕ್ರ್ಯಾಂಕ್ ನಡುವೆ ಇರುವ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ. ತಲೆಕೂದಲು ಸುಮಾರು 70 ಮೈಕ್ರಾನ್. ಆ ಪದರದಷ್ಟೇ ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡ ಕಣಗಳೇ ಹೆಚ್ಚು ಹಾನಿ ಮಾಡುವುದು. ಅವು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಚೂರು ಸಂದಿಗೆ ನುಗ್ಗುವುದೇ ಇಲ್ಲ.

ಹೊರಗಿನಿಂದ ಒಂದೇ ಥರ ಕಾಣುವ ಎರಡು ಫಿಲ್ಟರ್‌ಗಳನ್ನು ಕತ್ತರಿಸಿ ನೋಡಿದರೆ ಒಳಗೆ ಬಹಳ ವ್ಯತ್ಯಾಸ ಇರುತ್ತದೆ. ಮಡಿಕೆ ಮಾಡಿದ ಹಾಳೆ ಒಂದರಲ್ಲಿ ಒತ್ತಾಗಿ, ಸಮನಾಗಿ ಇರುತ್ತದೆ. ಇನ್ನೊಂದರಲ್ಲಿ ಮಡಿಕೆ ಕಡಿಮೆ, ಅಂಟು ಅರ್ಧ ಬಿಟ್ಟಿರುತ್ತದೆ. ಅಂಟು ಬಿಟ್ಟ ಕಡೆಯಿಂದ ಆಯಿಲ್ ಸೋಸದೆ ಹಾದುಹೋಗುತ್ತದೆ. ಒಳಗೆ ಇನ್ನೆರಡು ಸಣ್ಣ ಭಾಗಗಳಿವೆ. ಒಂದು, ಇಂಜಿನ್ ಆಫ್ ಆದಾಗ ಆಯಿಲ್ ವಾಪಸ್ ಹರಿದುಹೋಗದಂತೆ ತಡೆಯುವ ರಬ್ಬರ್ ವಾಲ್ವ್. ಇದು ಮಾಮೂಲಿ ನೈಟ್ರೈಲ್ ರಬ್ಬರಿನದಾದರೆ ಶಾಖಕ್ಕೆ ಬೇಗ ಗಟ್ಟಿಯಾಗುತ್ತದೆ. ಸಿಲಿಕೋನ್‌ನದಾದರೆ ಮೆತ್ತಗೇ ಉಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಕಟಕಟ ಸದ್ದು ಬಂದು ನಿಂತರೆ ಮೊದಲು ಅನುಮಾನಿಸಬೇಕಾದ್ದು ಈ ವಾಲ್ವನ್ನು. ಎಷ್ಟೋ ಸಲ ಆ ಸದ್ದಿಗೆ ಟೈಮಿಂಗ್ ಚೈನ್ ಬಿಚ್ಚಿಸುವ ಮಾತು ಬರುತ್ತದೆ. ಮೊದಲು ಒಳ್ಳೆಯ ಫಿಲ್ಟರ್ ಹಾಕಿ ನೋಡಿ.

ಎರಡನೆಯದು ಬೈಪಾಸ್ ವಾಲ್ವ್. ಫಿಲ್ಟರ್ ಕಟ್ಟಿಕೊಂಡರೆ ಇಂಜಿನ್‌ಗೆ ಆಯಿಲೇ ಸಿಗದೆ ಹೋಗಬಾರದಲ್ವಾ? ಅದಕ್ಕೆ ಒತ್ತಡ ಒಂದು ಮಟ್ಟ ದಾಟಿದರೆ ಈ ವಾಲ್ವ್ ತೆರೆದು ಆಯಿಲನ್ನು ಸೋಸದೆಯೇ ಬಿಡುತ್ತದೆ. ಕೊಳೆ ಆಯಿಲ್ ಆದರೂ ಆಯಿಲ್ ಇಲ್ಲದ್ದಕ್ಕಿಂತ ಮೇಲು. ಈಗ ನಿಮ್ಮ ಸ್ಥಿತಿ ನೋಡಿ. ಫಿಲ್ಟರ್ ಎರಡು ಆಯಿಲ್‌ಗೆ ಒಂದು. ಅಂದರೆ ಎರಡನೇ ಸುತ್ತಿನಲ್ಲಿ ಅದು ಅರ್ಧ ತುಂಬಿಯೇ ಶುರುವಾಗುತ್ತದೆ. ಮೇಲಿಂದ 20ಡಬ್ಲ್ಯೂ-50. ತಣ್ಣಗಿದ್ದಾಗ ಮಂದ ಆಯಿಲ್ ಹಾಳೆಯ ಮೂಲಕ ನುಗ್ಗಲು ಹೆಚ್ಚು ಒತ್ತಡ ಬೇಕು, ಬೈಪಾಸ್ ಹೆಚ್ಚು ಹೊತ್ತು ತೆರೆದಿರುತ್ತದೆ. ಚಿಕ್ಕ ಓಡಾಟದಲ್ಲಿ ಇಂಜಿನ್ ಬಹುಪಾಲು ತಣ್ಣಗೇ ಇರುತ್ತದೆ. ಮೂರೂ ಸೇರಿದರೆ ನಿಮ್ಮ ಆಯಿಲ್ ಎಷ್ಟೋ ಹೊತ್ತು ಸೋಸದೆಯೇ ತಿರುಗುತ್ತಿದೆ. ಅದೂ ಅಲ್ಲದೆ ಹಳೆಯ ಫಿಲ್ಟರ್ ಹೊಟ್ಟೆಯಲ್ಲಿ ಒಂದು ಲೋಟದಷ್ಟು ಹಳೆಯ ಆಯಿಲ್ ಉಳಿದು ಹೊಸದಕ್ಕೆ ಬೆರೆಯುತ್ತದೆ.

ಕೊಳ್ಳುವಾಗ ಡಬ್ಬದ ಮೇಲೆ "20 ಮೈಕ್ರಾನ್" ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಅರ್ಥ ಇಲ್ಲ. 20 ಮೈಕ್ರಾನ್ ಕಣದಲ್ಲಿ ಶೇಕಡಾ 50 ಹಿಡಿಯುತ್ತದೋ, 99 ಹಿಡಿಯುತ್ತದೋ? ಆ ಸಂಖ್ಯೆ ಬೇಕು. ಐಎಸ್‌ಒ 4548-12 ಅನ್ನುವ ಪರೀಕ್ಷೆಯ ಪ್ರಕಾರ ಇಷ್ಟು ಶೇಕಡಾ ಅಂತ ಹೇಳಿದ್ದರೆ ನಂಬಬಹುದು. ಅದು ಸಿಗದಿದ್ದರೆ ಕಾರು ತಯಾರಕರದ್ದೇ ಫಿಲ್ಟರ್, ಅಥವಾ ಅವರಿಗೆ ಸರಬರಾಜು ಮಾಡುವ ಕಂಪನಿಯದ್ದು ತೆಗೆದುಕೊಳ್ಳಿ. ಥ್ರೆಡ್ ಕೂತಿತು ಅಂತ ಬೇರೆ ಕಾರಿನ ಫಿಲ್ಟರ್ ಹಾಕಿಸಬೇಡಿ. ಬೈಪಾಸ್ ತೆರೆಯುವ ಒತ್ತಡ ಬೇರೆ ಇರುತ್ತದೆ. ಹಾಕುವಾಗ ಹಳೆಯ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡಿದೆಯೇ ನೋಡಲೇಬೇಕು. ಒಂದರ ಮೇಲೊಂದು ಎರಡು ರಿಂಗ್ ಆದರೆ ದಾರಿಯಲ್ಲಿ ಎಲ್ಲ ಆಯಿಲ್ ಚೆಲ್ಲಿ ಇಂಜಿನ್ ಜಾಮ್ ಆಗುತ್ತದೆ. ಹೊಸ ರಿಂಗಿಗೆ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ರಿಂಗ್ ತಾಗಿದ ಮೇಲೆ ಫಿಲ್ಟರ್ ಮೇಲೆ ಬರೆದಿರುವಷ್ಟು, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಬಿಗಿ ಮಾಡಿದರೆ ಸಾಕು.

ಇನ್ನು ಏರ್ ಫಿಲ್ಟರ್. 1 ಲೀಟರ್ ಪೆಟ್ರೋಲ್ ಉರಿಸಲು ಇಂಜಿನ್ ಸುಮಾರು 9 ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ಬರುವ ರಸ್ತೆ ಧೂಳಿನಲ್ಲಿ ದೊಡ್ಡ ಪಾಲು ಸಿಲಿಕಾ, ಅಂದರೆ ಮರಳಿನ ಪುಡಿ. ಸಿಲಿಂಡರ್ ಗೋಡೆಯ ಕಬ್ಬಿಣಕ್ಕಿಂತ ಅದು ಗಟ್ಟಿ. ಒಳಗೆ ಹೋದ ಧೂಳು ಮೊದಲು ರಿಂಗ್ ಮತ್ತು ಸಿಲಿಂಡರ್ ಉಜ್ಜುತ್ತದೆ, ಆಮೇಲೆ ಆಯಿಲ್‌ಗೆ ಇಳಿದು ಬೇರಿಂಗ್ ತನಕ ಹೋಗುತ್ತದೆ. ಆಯಿಲ್ ಫಿಲ್ಟರ್ ಹಿಡಿಯುವ ಹೊತ್ತಿಗೆ ಮೊದಲ ಹಾನಿ ಆಗಿಹೋಗಿರುತ್ತದೆ.

ಕಾಗದದ ಏರ್ ಫಿಲ್ಟರ್ ಹೊಸದರಲ್ಲಿ ಹಿಡಿಯುವುದಕ್ಕಿಂತ ಸ್ವಲ್ಪ ಧೂಳು ಕೂತ ಮೇಲೆ ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಕೂತ ಧೂಳೇ ಇನ್ನೊಂದು ಜರಡಿಯಾಗುತ್ತದೆ. ನೀವು ತಿಂಗಳಿಗೊಮ್ಮೆ ಅದನ್ನು ಊದಿಸಿ ತೆಗೆಯುತ್ತೀರಿ. ಗ್ಯಾರೇಜಿನ ಕಂಪ್ರೆಸರ್ ಗಾಳಿ ಹತ್ತಿರದಿಂದ ಬಡಿದರೆ ಕಾಗದದ ಎಳೆಗಳು ಬಿಡುತ್ತವೆ, ಕಣ್ಣಿಗೆ ಕಾಣದ ತೂತಾಗುತ್ತದೆ. ಬೆಳಕಿಗೆ ಹಿಡಿದು ನೋಡಿದರೂ ಗೊತ್ತಾಗದು. ಪ್ರತಿ ಸಲ ಬಿಚ್ಚಿ ಹಾಕುವಾಗ ಅಂಚಿನ ರಬ್ಬರ್ ಸರಿ ಕೂರದೆ ಹೋಗಬಹುದು, ಪೆಟ್ಟಿಗೆಯಲ್ಲಿ ಬಿದ್ದಿದ್ದ ಧೂಳು ಸ್ವಚ್ಛ ಕಡೆಗೆ ಹಾರಬಹುದು. ಮೈಲೇಜ್ ಬೀಳುತ್ತದೆ ಅನ್ನುವ ಭಯಕ್ಕೆ ಹೀಗೆ ಮಾಡುತ್ತೀರಿ ಅಂತ ಅಂದುಕೊಳ್ಳುತ್ತೇನೆ. ಕಾರ್ಬುರೇಟರ್ ಕಾಲದಲ್ಲಿ ಆ ಭಯ ನಿಜವಿತ್ತು. ಈಗಿನ ಇಂಜೆಕ್ಷನ್ ಇಂಜಿನ್ ಬರುವ ಗಾಳಿಯನ್ನು ಅಳೆದು ಪೆಟ್ರೋಲ್ ಬಿಡುತ್ತದೆ. ಫಿಲ್ಟರ್ ಸ್ವಲ್ಪ ಕಟ್ಟಿದರೆ ಪಿಕಪ್ ಕಡಿಮೆ ಆಗಬಹುದು, ಮೈಲೇಜ್ ಹೆಚ್ಚು ಬೀಳುವುದಿಲ್ಲ. ಹೊಸ ಫಿಲ್ಟರ್ ಹಾಕಿ, ಪುಸ್ತಕ ಹೇಳಿದ ಅಂತರದ ತನಕ ಮುಟ್ಟಬೇಡಿ. ಧೂಳಿನ ದಾರಿಯಾದರೆ ಬೇಗ ಹೊಸದು ಹಾಕಿ. ಊದಿಸುವುದಂತೂ ಬೇಡ. ತೊಳೆದು ಎಣ್ಣೆ ಹಚ್ಚಿ ಬಳಸುವ ಬಟ್ಟೆಯ ಫಿಲ್ಟರ್‌ಗಳೂ ಸಿಗುತ್ತವೆ. ಗಾಳಿ ಹೆಚ್ಚು ಬಿಡುತ್ತವೆ, ಧೂಳನ್ನೂ ಹೆಚ್ಚು ಬಿಡಬಹುದು. ದಿನಬಳಕೆಯ ಕಾರಿಗೆ ನಾನು ಹೇಳುವುದಿಲ್ಲ.

ಉಳಿದ ಆಯಿಲನ್ನು ಬೈಕಿಗೆ ಹಾಕಬೇಡಿ. ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ 5ಡಬ್ಲ್ಯೂ-30ರಲ್ಲಿ ಉಜ್ಜಾಟ ಕಡಿಮೆ ಮಾಡುವ ಪದಾರ್ಥ ಇರುತ್ತದೆ, ಕ್ಲಚ್ ಜಾರುತ್ತದೆ. ಬೈಕಿನ ಡಬ್ಬಿಯ ಮೇಲೆ ಜಪಾನಿನ ಮಾನದಂಡವಾದ ಜೆಎಎಸ್ಒ ಎಂಎ ಅಥವಾ ಎಂಎ2 ಅಂತ ಇರಬೇಕು. ಉಳಿದ ಆಯಿಲ್ ಕಾರಿನದ್ದೇ ಟಾಪ್‌ಅಪ್‌ಗೆ ಇಟ್ಟುಕೊಳ್ಳಿ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ಡೀಸೆಲ್ ಕಾರಿನಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದ್ದರೆ ಬೂದಿ ಕಡಿಮೆ ಇರುವ ಆಯಿಲೇ ಬೇಕು, ಎಸಿಇಎ ದರ್ಜೆಯಲ್ಲಿ ಸಿ ಅಕ್ಷರದವು. ಡಿಪಿಎಫ್‌ನಲ್ಲಿ ಮಸಿ ಸುಟ್ಟುಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಅಲ್ಲೇ ತುಂಬಿಕೊಳ್ಳುತ್ತದೆ. ಕೆಲವು ಇಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನೊಳಗೇ ಓಡುತ್ತದೆ. ಅಲ್ಲಿ ತಯಾರಕರು ಹೇಳಿದ ದರ್ಜೆ ಬಿಟ್ಟು ಬೇರೆ ಹಾಕಿದರೆ ಬೆಲ್ಟ್ ಉದುರಿ, ಆ ಚೂರು ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಅಂಥ ಇಂಜಿನ್‌ನಲ್ಲಿ ಪ್ರಯೋಗ ಬೇಡ.

ನಿಮ್ಮ ಕಾರು ನನ್ನ ಕೈಗೆ ಬಂದಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಸೋರಿಕೆ ನೋಡುವುದು. ಪಿಸಿವಿ ವಾಲ್ವ್ ಬಿಚ್ಚಿ ನೋಡುವುದು. ಇಂಜಿನ್ ಒಳಗಿನ ಆವಿಯನ್ನು ಎಳೆದು ಮತ್ತೆ ಉರಿಯಲು ಕಳಿಸುವ ಈ ಸಣ್ಣ ಭಾಗ ಕೆಟ್ಟರೆ ಆಯಿಲ್ ಕಡಿಮೆಯಾಗುವುದೂ, ಸೀಲ್ ಸೋರುವುದೂ ಎರಡೂ ಆಗುತ್ತವೆ. ಬಹಳ ಜನ ಇದನ್ನು ನೋಡುವುದೇ ಇಲ್ಲ. ಆಮೇಲೆ ಇಂಜಿನ್ ಬಿಸಿ ಮಾಡಿ ಹಳೆಯ ಆಯಿಲ್ ಪೂರ್ತಿ ಇಳಿಸಿ, ಹೊಸ ಆಯಿಲ್ ಫಿಲ್ಟರ್, ಹೊಸ ಏರ್ ಫಿಲ್ಟರ್, 5ಡಬ್ಲ್ಯೂ-30 ಸಿಂಥೆಟಿಕ್, ಎಸ್‌ಪಿ ದರ್ಜೆ. ಇಂಜಿನ್ ಫ್ಲಶ್ ಅನ್ನುವ ದ್ರಾವಣ ಹಾಕಿಸಬೇಡಿ. 9 ವರ್ಷದ ಕೆಸರು ಒಮ್ಮೆಲೇ ಕಿತ್ತು ಬಂದು ಪಂಪಿನ ಜಾಲರಿಗೆ ಕೂತರೆ ಇಂಜಿನ್‌ಗೇ ಕುತ್ತು. ಆಯಿಲ್‌ಗೆ ಬೆರೆಸುವ ಬಾಟಲಿಗಳೂ ಬೇಡ. ಬೇಕಾದ್ದನ್ನು ತಯಾರಕರು ಅಳತೆ ಮಾಡಿಯೇ ಹಾಕಿರುತ್ತಾರೆ. ಹಳೆಯ ಮಿನರಲ್ ಸ್ವಲ್ಪ ಉಳಿದು ಬೆರೆತರೆ ತೊಂದರೆ ಇಲ್ಲ, ಎಪಿಐ ದರ್ಜೆಯ ಆಯಿಲ್‌ಗಳು ಒಂದಕ್ಕೊಂದು ಬೆರೆಯುವಂತೆಯೇ ಇರಬೇಕು. ಮಟ್ಟ ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟದಿರಲಿ. ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

ಮೊದಲ ಸಲದ ಸಿಂಥೆಟಿಕ್ ಆಯಿಲನ್ನು 3 ಸಾವಿರ ಕಿಲೋಮೀಟರಿಗೇ, ಅಷ್ಟು ಓಡದಿದ್ದರೆ ಒಂದು ವರ್ಷಕ್ಕೇ, ಫಿಲ್ಟರ್ ಸಮೇತ ಬದಲಾಯಿಸಿ. ಅದು ಹಳೆಯ ಕೆಸರನ್ನು ಹೊತ್ತುಕೊಂಡಿರುತ್ತದೆ. ಇಳಿಸಿದ ಫಿಲ್ಟರನ್ನು ಕತ್ತರಿಸಿ ಹಾಳೆ ಬಿಡಿಸಿ ನೋಡಲು ಹೇಳಿ. ಕಪ್ಪು ಕೆಸರು ಮಾತ್ರ ಇದ್ದರೆ ಸರಿ. ಹೊಳೆಯುವ ಲೋಹದ ಚೂರು ಕಂಡರೆ ಆ ಫಿಲ್ಟರ್ ಎಸೆಯದೆ ಒಬ್ಬ ಒಳ್ಳೆಯ ಇಂಜಿನ್ ಕೆಲಸದವರಿಗೆ ತೋರಿಸಿ. ಎರಡನೇ ಸಲದಿಂದ ಪುಸ್ತಕದ ಕಠಿಣ ಬಳಕೆಯ ಅಂತರ.

10 ಸಾವಿರಕ್ಕೆ ಅರ್ಧ ಲೀಟರ್ ಕಡಿಮೆಯಾಗುವುದು ಸಹಜ, ಅದಕ್ಕೆ ಚಿಂತೆ ಬೇಡ. ಸಿಂಥೆಟಿಕ್‌ಗೆ ಬಂದ ಮೇಲೆ ಮೊದಮೊದಲು ಸ್ವಲ್ಪ ಹೆಚ್ಚೂಕಡಿಮೆ ಆಗಬಹುದು. ಹಾಗಾಗಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಬರೆದಿಟ್ಟುಕೊಳ್ಳಿ. ಎರಡು ಬದಲಾವಣೆ ಆದ ಮೇಲೂ 1 ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ದಾಟಿದರೆ, ಅಥವಾ ಸೈಲೆನ್ಸರ್‌ನಿಂದ ನೀಲಿ ಹೊಗೆ ಕಂಡರೆ, ಇನ್ನೊಂದು ಆಯಿಲ್ ಹುಡುಕುವುದು ಬಿಟ್ಟು ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಅಂತ ನೋಡುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸ್ಟಾರ್ಟ್ ಮಾಡಿದಾಗ ಮಾತ್ರ ಹೊಗೆ ಬಂದರೆ ಹೆಚ್ಚಾಗಿ ವಾಲ್ವ್ ಸೀಲ್, ಎಳೆದು ಓಡಿಸುವಾಗ ಬಂದರೆ ರಿಂಗ್.